ಹೊಲಿಗೆ ಟೀಚರ ದೀರ್ಘಶಾಂತಿ

ದೀರ್ಘಶಾಂತಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬೀರೂರಿನ ಸ್ಟೇಷನ್ ಹಿಂದಿನ ಒಂದು ಹೆಂಚಿನ ಮನೆಯಲ್ಲಿ, ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಾಗ. ಸತ್ತವರ ವಿಷಯದಲ್ಲಿ ಹೇಳುವ ಮಾತಿರಬೇಕು ಅಂದುಕೊಂಡೆ. ಅಲ್ಲವಂತೆ. ಕೋಪ ಬರಬೇಕಾದ ಕಡೆ, ಬಂದರೆ ನ್ಯಾಯವೇ ಅನ್ನಿಸುವ ಕಡೆ, ಅದನ್ನು ಬಹಳ ಕಾಲ ತಡೆದು ಹಿಡಿಯುವುದಂತೆ. ಕೆಟ್ಟದ್ದು ಮಾಡಿದವರ ಮೇಲೆ ದೇವರು ಹಾಗೆ ತಡೆದುಕೊಂಡಿದ್ದಾನಂತೆ. ಇದನ್ನು ಹೇಳಿದವರು ನನ್ನ ಹೊಲಿಗೆ ಟೀಚರು. ಹೋದ ತಿಂಗಳು ತೀರಿಕೊಂಡರು. ಹದಿನಾಲ್ಕು ವರ್ಷ ಅವರನ್ನು ಬಲ್ಲೆ. ಆ ಮಾತಿನ ಅರ್ಥ ತಿಳಿಯಿತೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ತಿಳಿಯಿತು ಅನ್ನುವ ಹೊತ್ತಿಗೆ ಇನ್ನೊಂದು ಕಡೆಯಿಂದ ಗೋಜಲಾಗುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಬೀರೂರಿನಲ್ಲೂ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ತರಕಾರಿಯವಳಿಂದ ಹಿಡಿದು ಪಕ್ಕದ ಮನೆಯ ಜಟಕಾ ಸಾಬರವರೆಗೆ ಎಲ್ಲರಿಗೂ ಟೀಚರಮ್ಮ. ಕುಳ್ಳಗೆ, ಒಂದು ಭುಜ ಸ್ವಲ್ಪ ಇಳಿದುಕೊಂಡು, ಕೊರಳಿಗೆ ಟೇಪು ಹಾಕಿಕೊಂಡು ಓಡಾಡುತ್ತಿದ್ದರು. ತುಟಿಯ ನಡುವೆ ಯಾವಾಗಲೂ ಎರಡು ಮೂರು ಗುಂಡುಪಿನ್ನು. ಪಿನ್ನು ಇಟ್ಟುಕೊಂಡೇ ಮಾತಾಡುವುದು ಅವರಿಗೆ ಅಭ್ಯಾಸವಾಗಿತ್ತು; ಏನಾದರೂ ಮುಖ್ಯವಾದದ್ದು ಹೇಳಬೇಕಾದರೆ ಮಾತ್ರ ತೆಗೆಯುತ್ತಿದ್ದರು. ಯಾರದಾದರೂ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಏನು ಟೀಚರ್, ನಿದ್ದೆಯಾ ಎಂದು ನಾನು ತಮಾಷೆ ಮಾಡಿದ್ದಕ್ಕೆ, "ಬೇರೆಯೋರ ಬಟ್ಟೆ ಕಣಮ್ಮ. ದೇವರಿಗೆ ಹೇಳ್ಕೊಂಡು ಕತ್ತರಿಸೋದು ಒಳ್ಳೇದು," ಅಂದಿದ್ದರು.

ನಾನು ಕಡೂರಿನವಳು. ನಮ್ಮಪ್ಪನದು ಕೊಬ್ಬರಿ ಮಂಡಿ. ಪಿಯುಸಿ ಫೇಲಾಗಿ, ಗಂಡು ನೋಡುತ್ತಿದ್ದ ಕಾಲದಲ್ಲಿ ಸುಮ್ಮನೆ ಕೂರುವುದೇಕೆ ಎಂದು ನನ್ನನ್ನು ಹೊಲಿಗೆಗೆ ಹಾಕಿದರು. ಕ್ರಿಶ್ಚಿಯನ್ನರ ಮನೆ ಎಂದು ಅಪ್ಪ ಹಿಂದೆ ಮುಂದೆ ನೋಡಿದಾಗ ಅವ್ವನೇ, "ಹೊಲಿಗೆ ಕಲಿಯಾಕೆ ಜಾತಿ ಯಾಕೆ? ಕುಡಿಯೋ ನೀರು ಮಾತ್ರ ಮನೆಯಿಂದ ತಗಂಡು ಹೋಗ್ಲಿ," ಎಂದು ತೀರ್ಮಾನ ಮಾಡಿದಳು. ಹಾಗೆ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಒಂದು ಬಾಟಲಿ ನೀರಿನೊಂದಿಗೆ ಬೀರೂರಿಗೆ ಹೋಗುತ್ತಿದ್ದೆ. ಟೀಚರು ಆ ಬಾಟಲಿಯನ್ನು ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಬೇರೆ ಹುಡುಗಿಯರಿಗೆ ಮಜ್ಜಿಗೆ ಕೊಡುವಾಗ ನನ್ನನ್ನು ಕೇಳುತ್ತಲೂ ಇರಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಾಟಲಿ ಖಾಲಿಯಾಗಿ ನಾನೇ ನಾಚಿಕೆ ಬಿಟ್ಟು, "ಟೀಚರ್, ನೀರು ಕೊಡ್ತೀರಾ?" ಅಂದೆ. ಅವರು ತಕ್ಷಣ ಎದ್ದು ತಂದುಕೊಟ್ಟರು. ಕೇಳಲಿ ಎಂದು ಕಾಯುತ್ತಿದ್ದವರ ಹಾಗೆ.

ಅವರ ಕಾಯುವಿಕೆ ನನಗೆ ಮೊದಲಿನಿಂದಲೂ ಅರ್ಥವಾಗದ ವಿಷಯ. ಹಿತ್ತಿಲಲ್ಲಿ ಮೂರು ಕೋಳಿ ಸಾಕಿದ್ದರು. ಹಿಂದಿನ ಮನೆಯ ಹೆಂಗಸು ಬೇಲಿಯಲ್ಲಿ ಕೈತೂರಿಸಿ ಮೊಟ್ಟೆ ತೆಗೆದುಕೊಳ್ಳುತ್ತಿದ್ದಳು. ಟೀಚರು ಅದನ್ನು ಕಿಟಕಿಯಿಂದ ನೋಡಿದ್ದಾರೆ, ನಾನೂ ನೋಡಿದ್ದೇನೆ. ಒಂದು ತಿಂಗಳು ಸುಮ್ಮನಿದ್ದರು. ಆಮೇಲೆ ಒಂದು ದಿನ ಸೆರಗು ಸರಿಮಾಡಿಕೊಂಡು ಅವಳ ಮನೆಗೆ ಹೋಗಿ, ಜಗುಲಿಯ ಮೇಲೆ ಕೂತು, "ನನ್ನ ಕೋಳಿ ನಿಮ್ಮನೇಲಿ ಮೊಟ್ಟೆ ಇಡ್ತಿದೆಯಲ್ಲ ಕಣ್ರೀ," ಅಂದುಬಿಟ್ಟರು. ಅವಳು ಮೊದಲು ಜಗಳಕ್ಕೆ ನಿಂತಳು, ಆಮೇಲೆ ಅತ್ತಳು.

"ಮೊದಲನೇ ದಿನವೇ ಕೇಳೋದಲ್ವಾ ಟೀಚರ್?" ಅಂದೆ.

"ಅವಳೇ ಬಂದು ಹೇಳಬಹುದಿತ್ತು. ಅದಕ್ಕೆ ಟೈಮು ಕೊಟ್ಟೆ."

"ಬರದೇ ಇದ್ರೆ?"

"ಬರಲಿಲ್ಲವಲ್ಲ. ಅದಕ್ಕೇ ನಾನೇ ಹೋದೆ."

ಅವರ ತಂದೆ ಎಮ್ಮೆದೊಡ್ಡಿ ಕಾವಲಿನ, ಅಂದರೆ ದನ ಮೇಯುವ ಹುಲ್ಲುಗಾವಲಿನ, ಕಡೆ ದನದ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದವರು. ಅಮೃತಮಹಲ್ ದನಗಳ ಮಾತು ಟೀಚರ ಬಾಯಲ್ಲಿ ಆಗಾಗ ಬರುತ್ತಿತ್ತು. ಕಾವಲಿನ ದನವನ್ನು ಅಟ್ಟಿಸಿಕೊಂಡು ಹೋದರೆ ಸಿಗುವುದಿಲ್ಲ, ಉಪ್ಪು ಹಿಡಿದುಕೊಂಡು ನಿಂತುಕೋಬೇಕು ಎನ್ನುತ್ತಿದ್ದರು. ದೇವರೂ ಹಾಗೇ ನಿಂತಿದ್ದಾನೆ ಎನ್ನುವುದು ಅವರ ನಂಬಿಕೆ. ತಡ ಮಾಡುತ್ತಿದ್ದಾನೆ ಎಂದು ಜನ ಅಂದುಕೊಳ್ಳುತ್ತಾರೆ, ಅವನು ಮನುಷ್ಯ ತಿರುಗಿಕೊಳ್ಳಲಿ ಎಂದು ತಾಳಿಕೊಂಡಿದ್ದಾನೆ. ನಮ್ಮ ಮನೆಯಲ್ಲಿ ಕೇಳಿದ್ದು ಬೇರೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಿದ್ದಳು ಅವ್ವ. ಮಾಡಿದವನ ತಟ್ಟೆಗೆ ಅದು ತಾನಾಗಿಯೇ ಬಂದು ಬೀಳುತ್ತದೆ. ಇವೆರಡರಲ್ಲಿ ಯಾವುದು ನಿಜವಾದರೂ ನನಗೆ ಆಗ ಏನೂ ಆಗಬೇಕಾಗಿರಲಿಲ್ಲ.

ನಾನು ಹೊಲಿಗೆಗೆ ಸೇರಿ ಹತ್ತು ತಿಂಗಳಾಗಿತ್ತು. ತರೀಕೆರೆಯಲ್ಲಿ ನಮ್ಮ ನೆಂಟರ ಮನೆಯ ನಿಶ್ಚಿತಾರ್ಥ. ಅಪ್ಪ ಅವ್ವ ಅಲ್ಲೇ ಉಳಿದರು. ಅಣ್ಣ ಮತ್ತು ನಾನು ಸಂಜೆ ಜೀಪಿನಲ್ಲಿ ಹೊರಟೆವು. ಅಣ್ಣನಿಗೆ ಆಗ ಇಪ್ಪತ್ತಾರು. ಜೀಪು ಕೊಂಡು ಎರಡು ತಿಂಗಳು. ಬೀರೂರು ದಾಟಿ ಕಡೂರಿನ ದಾರಿಯಲ್ಲಿ ಒಂದು ತಿರುವಿದೆ, ದೊಡ್ಡ ಹುಣಸೆಮರ. ಸೂರ್ಯ ಮುಳುಗಿ ಇನ್ನೂ ಬೆಳಕಿತ್ತು. ಎದುರಿಗೆ ಒಂದು ಸೈಕಲ್ಲು ಬಂತು. ಅಣ್ಣ ನನ್ನ ಕಡೆ ತಿರುಗಿ ಏನೋ ಹೇಳಿ ನಗುತ್ತಿದ್ದ. ದಡ್ ಎಂದಿತು. ಸೈಕಲ್ಲು ಹಳ್ಳಕ್ಕೆ ಹಾರಿದ್ದು ಕಂಡಿತು, ಮನುಷ್ಯ ಹಾರಿದ್ದು ಕಂಡಿತು. ಜೀಪು ಒಂದು ಕ್ಷಣ ನಿಧಾನವಾಯಿತು. ಆಮೇಲೆ ಮೊದಲಿಗಿಂತ ಜೋರಾಗಿ ಹೊರಟಿತು.

ಮನೆ ಮುಟ್ಟಿದ ಮೇಲೆ ಅಣ್ಣ, "ದನ ಕಣೇ. ಯಾವುದೋ ದನ ಅಡ್ಡ ಬಂತು. ಕೇಳಿದ್ರೆ ಹಂಗೇ ಹೇಳು," ಅಂದ. ಯಾರೂ ಕೇಳಲಿಲ್ಲ. ಎರಡು ದಿನದಲ್ಲಿ ಜೀಪು ಅರಸೀಕೆರೆಗೆ ಹೋಗಿ, ಮಡ್‌ಗಾರ್ಡು ಹೊಸದಾಗಿ ಬಂತು.

ಮಾರನೆಯ ದಿನ ನಾನು ಎಂದಿನಂತೆ ಹೊಲಿಗೆಗೆ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಅಣ್ಣನೇ ಬಸ್ಸು ಹತ್ತಿಸಿದ್ದ. ಟೀಚರ ಮನೆಯ ಮುಂದೆ ಹುಡುಗಿಯರು ಗುಂಪಾಗಿ ನಿಂತಿದ್ದರು. ಟೀಚರು ಆಗ ತಾನೇ ಆಸ್ಪತ್ರೆಯಿಂದ ಬಂದಿದ್ದರು, ಸೀರೆಯ ಮೇಲೆ ಕಂದುಬಣ್ಣದ ಕಲೆ. "ನಮ್ಮ ಯಜಮಾನರಿಗೆ ಏಟಾಗಿದೆ ಕಣ್ರಮ್ಮ. ಯಾವುದೋ ಗಾಡಿ ಹೊಡೆದು ಹೋಗಿದೆ. ಇವತ್ತು ಕ್ಲಾಸಿಲ್ಲ," ಅಂದರು.

ಟೀಚರ ಯಜಮಾನರು ತಂತಿ ಕಂಬ ಹತ್ತಿ ಲೈನು ಸರಿಮಾಡುವ ಕೆಲಸದಲ್ಲಿದ್ದರು. ಕಾಲಿಗೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು ಕೋತಿಯ ಹಾಗೆ ಏರುತ್ತಿದ್ದುದನ್ನು ನಾನೇ ನೋಡಿದ್ದೆ. ಬಾಯಿಂದ ಮಾತು ತಾನಾಗಿ ಬಂತು: "ಹುಣಸೆಮರದ ತಿರುವಲ್ಲಾ ಟೀಚರ್?"

ಅವರು ನನ್ನನ್ನು ನೋಡಿದರು. "ಹೂಂ ಕಣಮ್ಮ," ಅಂದು ಒಳಗೆ ಹೋದರು.

ಜಟಕಾ ಸಾಬರು ಕಡೂರಿನಿಂದ ಗಾಡಿ ಹೊಡೆದುಕೊಂಡು ಬರುವಾಗ ಲಾಂದ್ರದ ಬೆಳಕಿನಲ್ಲಿ ಹಳ್ಳದೊಳಗಿನ ಸೈಕಲ್ಲಿನ ಗುರುತು ಹಿಡಿದು ಇಳಿದು ನೋಡಿದರಂತೆ. ಅಷ್ಟರಲ್ಲಿ ಏಟು ಬಿದ್ದು ಮೂರು ಗಂಟೆ ಕಳೆದಿತ್ತಂತೆ. ಯಜಮಾನರ ಕಾಲು ಉಳಿಯಿತು, ಆದರೆ ಸೊಂಟದಿಂದ ಕೆಳಗೆ ಒಂದು ಕಡೆ ಬಲ ಬರಲಿಲ್ಲ. ಬೇಗ ತಂದಿದ್ದರೆ ಆಗುತ್ತಿತ್ತು ಎಂದರಂತೆ ಡಾಕ್ಟರು. ಕಂಬ ಹತ್ತುವುದಿರಲಿ, ಕೋಲಿಲ್ಲದೆ ಹಿತ್ತಿಲಿಗೆ ಹೋಗುವುದೂ ಆಗದಾಯಿತು. ಯಾವ ಗಾಡಿ ಎಂದು ಗೊತ್ತಾಗಲಿಲ್ಲ ಎಂದು ಬರೆದುಕೊಂಡಲ್ಲಿಗೆ ಪೊಲೀಸರ ವಿಚಾರಣೆಯೂ ಮುಗಿಯಿತು.

ಅದಾದ ಮೇಲೆ ಎರಡು ವರ್ಷ ನಾನು ಆ ಮನೆಗೆ ಹೋದೆ. ಈಗ ಬರೆಯುವಾಗಲೂ ಇದು ನನಗೇ ವಿಚಿತ್ರವಾಗಿ ಕಾಣುತ್ತದೆ. ಅರ್ಧಗೋಡೆಯ ಆಚೆ ಅವರು ಮಂಚದ ಮೇಲೆ, ಈಚೆ ನಾವು ಮಷಿನ್ನುಗಳ ಮುಂದೆ. ನಾನು ತಪ್ಪು ಹೊಲಿದರೆ ಟೀಚರು ಬೈಯುತ್ತಿರಲಿಲ್ಲ. ಬಟ್ಟೆಯನ್ನು ತಿರುಗಿ ನನ್ನ ತೊಡೆಯ ಮೇಲಿಟ್ಟು, "ಬಿಚ್ಚು," ಅಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೊನೆಯ ದಾರ ಬಿಚ್ಚುವವರೆಗೂ ನಿಲ್ಲುತ್ತಿದ್ದರು. ಎಷ್ಟೋ ಸಲ ಆಗ ಹೇಳಿಬಿಡಬೇಕು ಅನ್ನಿಸಿದೆ. ನಾಲಿಗೆಯ ತುದಿಗೆ ಬಂದಿದೆ. ಅಪ್ಪನ ಮಾನ, ಅಣ್ಣನ ಮದುವೆ, ನನ್ನ ಮದುವೆ ಎಂದು ನುಂಗಿಕೊಂಡಿದ್ದೇನೆ.

ಒಮ್ಮೆ ಒಳಗಿನಿಂದ ಯಜಮಾನರು ಜೋರಾಗಿ ಶಾಪ ಹಾಕುವುದು ಕೇಳಿಸಿತು. "ಅವನ ಕೈ ಸೇದಿಹೋಗ್ಲಿ. ಅವನ ವಂಶ ಹಾಳಾಗ್ಲಿ."

"ಹಂಗನ್ನಬೇಡಿ," ಅಂದರು ಟೀಚರು. "ಅವನು ತಿರುಗಿಕೊಳ್ಳೋಕ್ಕೆ ದೇವರು ಇನ್ನೂ ಟೈಮು ಕೊಟ್ಟಿದಾನೆ."

"ನಿನ್ನ ದೇವರಿಗೇನು? ಮುರಿದಿದ್ದು ನನ್ನ ಸೊಂಟ!"

ಮಷಿನ್ನುಗಳೆಲ್ಲ ನಿಂತುಹೋದವು. ಆ ದಿನ ಅವರು ಸರಿಯೋ ಇವರು ಸರಿಯೋ ಎಂದು ಬಸ್ಸಿನಲ್ಲಿ ಕಡೂರಿನ ತನಕ ಯೋಚಿಸಿದೆ. ಆ ಶಾಪ ಬಿದ್ದದ್ದು ನಮ್ಮ ವಂಶದ ಮೇಲೆ ಎನ್ನುವುದು ಮನೆ ಬಾಗಿಲಿಗೆ ಬಂದ ಮೇಲೆ ಹೊಳೆಯಿತು.

ಶಾಪ ತಟ್ಟಲಿಲ್ಲ. ಅಣ್ಣನ ಮದುವೆ ವಿಜೃಂಭಣೆಯಿಂದ ಆಯಿತು. ಮಂಡಿ ಎರಡಾಯಿತು. ಮಠದ ಕೆಲಸಗಳಿಗೆ ಮುಂದೆ ನಿಂತು, ಊರಲ್ಲಿ ಒಳ್ಳೆಯ ಮನುಷ್ಯ ಎನ್ನಿಸಿಕೊಂಡ. ಸುಳ್ಳಲ್ಲ, ಒಳ್ಳೆಯವನೇ. ನನ್ನನ್ನು ಅಜ್ಜಂಪುರಕ್ಕೆ ಕೊಟ್ಟಾಗ ಅವನು ಅತ್ತ ಹಾಗೆ ಅವ್ವನೂ ಅಳಲಿಲ್ಲ. ಅವ್ವನ ಮಾತು ನಿಜವಾಗಿದ್ದರೆ ಅವನ ತಟ್ಟೆಗೆ ಏನೂ ಯಾಕೆ ಬೀಳುತ್ತಿಲ್ಲ? ಟೀಚರ ಮಾತು ನಿಜವಾಗಿದ್ದರೆ ಈ ತಾಳ್ಮೆಯಿಂದ ಯಾರಿಗೆ ಏನು ಸಿಕ್ಕಿತು? ಮಂಚದ ಮೇಲಿನವರಿಗಂತೂ ಏನೂ ಸಿಗಲಿಲ್ಲ.

ಅಜ್ಜಂಪುರಕ್ಕೆ ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿನ ಹೊತ್ತಿಗೆ, ಟೀಚರಿಂದ ಒಂದು ಕಾರ್ಡು ಬರುತ್ತಿತ್ತು. ಕ್ಷೇಮ ಸಮಾಚಾರ ಎರಡು ಸಾಲು. ಕೊನೆಯಲ್ಲಿ ಯಾವಾಗಲೂ ಒಂದೇ ಮಾತು: ಒಂದು ಸಲ ಬಂದು ಹೋಗು, ಕಾಯುತ್ತಿರುತ್ತೇನೆ. ಎಲ್ಲರಿಗೂ ಬರೆಯುವ ಉಪಚಾರದ ಮಾತು ಎಂದು ಓದಿ ಗೂಡಿನಲ್ಲಿಡುತ್ತಿದ್ದೆ. ಒಂದು ವರ್ಷ ಕಾರ್ಡು ಬರಲಿಲ್ಲ. ಸಂಕ್ರಾಂತಿ ಕಳೆಯಿತು, ಜನವರಿ ಕಳೆಯಿತು. ಕಾರ್ಡು ಬರುತ್ತಿದ್ದಾಗ ಇಲ್ಲದ ಹೆದರಿಕೆ ಬರದಿದ್ದಾಗ ಶುರುವಾಯಿತು. ಕಾದು ಕಾದು ಸಾಕಾಯಿತೇ? ಹೋಗಿಬಿಟ್ಟರೇ? ಒಂದು ಬೆಳಿಗ್ಗೆ ಮನೆಯವರಿಗೆ ಹೇಳಿ ರೈಲು ಹತ್ತಿದೆ.

ಟೀಚರು ಬಾಗಿಲಲ್ಲೇ ಕೂತು ಬ್ಲೌಸಿಗೆ ಹೆಮ್ಮಿಂಗ್ ಹಾಕುತ್ತಿದ್ದರು, ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು. ಕಣ್ಣಿಗೆ ಪೊರೆ ಬಂದಿತ್ತು. "ಬರೆಯೋಕ್ಕೆ ಅಕ್ಷರ ಕಾಣಲಿಲ್ಲ ಕಣಮ್ಮ," ಅಂದರು. ನಾನು ಅಲ್ಲೇ ಹೊಸ್ತಿಲ ಹತ್ತಿರ ಕೂತೆ. ಕೂತವಳೇ ಹೇಳಿಬಿಟ್ಟೆ. "ಟೀಚರ್, ಅವತ್ತು ಜೀಪು ನಮ್ಮದು. ಅಣ್ಣ ಓಡಿಸ್ತಿದ್ದ. ನಾನು ಪಕ್ಕದಲ್ಲಿದ್ದೆ."

ಸೂಜಿ ನಿಲ್ಲಲಿಲ್ಲ. "ಗೊತ್ತು ಕಣಮ್ಮ."

"ಯಾವಾಗಿಂದ?"

"ಮಾರನೇ ದಿನದಿಂದ. ನಾನು ಜಾಗ ಹೇಳಿರಲಿಲ್ಲ. ಹುಣಸೆಮರ ಅಂತ ನೀನೇ ಅಂದೆ."

"ಗೊತ್ತಿದ್ದೂ ಎರಡು ವರ್ಷ ನನಗೆ ಹೊಲಿಗೆ ಹೇಳಿಕೊಟ್ರಾ?"

"ಬರಬೇಡ ಅಂದಿದ್ರೆ ನೀನು ಬರ್ತಾನೇ ಇರಲಿಲ್ಲ. ಬರದೇ ಇರೋರು ಯಾವತ್ತು ಹೇಳ್ತಾರೆ?"

"ಪೊಲೀಸಿಗೆ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು." ದಾರ ಎಳೆದು, "ಹೇಳಬೇಕಿತ್ತೋ ಏನೋ. ಅದು ನನಗೂ ಇನ್ನೂ ತಿಳಿದಿಲ್ಲ," ಅಂದರು.

ನಾನು ಅತ್ತೆ. ಅಳುತ್ತ ಹಗುರವೂ ಆಗುತ್ತಿತ್ತು. ಇನ್ನು ಇವರು ತಲೆ ಸವರಿ ಕಳಿಸುತ್ತಾರೆ ಅಂದುಕೊಂಡೆ. ಅವರು ತುಟಿಯಿಂದ ಪಿನ್ನುಗಳನ್ನು ತೆಗೆದರು. "ನಾನು ನಿನ್ನನ್ನ ಕ್ಷಮಿಸಿ ಬಹಳ ದಿನ ಆಯ್ತು. ಆದ್ರೆ ನನ್ನ ಮುಂದೆ ಅತ್ತು ಎದ್ದು ಹೋಗಬೇಡ. ಏಟು ಬಿದ್ದಿದ್ದು ನನಗಲ್ಲ. ಒಳಗೆ ನಡಿ."

ಯಜಮಾನರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಂಚದ ಮೇಲೆ ಒರಗಿ ಯಾರದೋ ರೇಡಿಯೋ ಬಿಚ್ಚಿಟ್ಟುಕೊಂಡಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ನಿಲ್ಸು ಅಂತ ಹೇಳಿದ್ಯಾ ನಿಮ್ಮಣ್ಣಂಗೆ?"

ಎಂಟು ವರ್ಷ ನಾನು ನನಗೇ ಹೇಳಿಕೊಂಡಿದ್ದ ಕಥೆಯಲ್ಲಿ, ನಿಲ್ಸು ನಿಲ್ಸು ಎಂದು ಕೂಗಿದ್ದೆ. ಅಣ್ಣ ಕೇಳಲಿಲ್ಲ. ಹಾಗೆಯೇ ನಡೆದದ್ದು ಎಂದು ನಂಬಿಯೂ ಇದ್ದೆ. ಅವರ ಕಣ್ಣು ನೋಡಿದಾಗ ನಿಜ ಎದ್ದು ಬಂತು. ಜೀಪು ಆ ಒಂದು ಕ್ಷಣ ನಿಧಾನವಾದಾಗ ಅಣ್ಣ ನನ್ನ ಕಡೆ ನೋಡಿದ್ದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನಿದ್ದೆ. ಒಂದು ಮಾತು ಆಡಿದ್ದರೆ ಅವನು ನಿಲ್ಲಿಸುತ್ತಿದ್ದ.

"ಇಲ್ಲ," ಅಂದೆ. "ಹೇಳಲಿಲ್ಲ."

ನಾನು ಒಪ್ಪಿಕೊಳ್ಳಲು ಹೋದದ್ದು ಅಣ್ಣನ ತಪ್ಪನ್ನು. ನನ್ನದು ಬಾಯಿಗೆ ಬಂದದ್ದು ಆಗ.

ಅವರು ತಲೆ ಅಲ್ಲಾಡಿಸಿದರು. ಬೈಯುತ್ತಾರೆ, ಶಾಪ ಹಾಕುತ್ತಾರೆ ಎಂದು ಕಾದೆ. ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಗೋಡೆ ಅರ್ಧದ್ದು. ಹೊಸ್ತಿಲಲ್ಲಿ ಆಡಿದ ಮಾತೆಲ್ಲ ಕೇಳಿಸಿತ್ತು.

"ಮಾರನೇ ದಿನದಿಂದ ಗೊತ್ತಿತ್ತಾ ನಿನಗೆ?"

ಟೀಚರು ಕೈಯಲ್ಲಿದ್ದ ಬ್ಲೌಸನ್ನು ಮಡಿಸಿದರು.

"ನಾನಿಲ್ಲಿ ಮಲಗಿ ಯಾರು, ಯಾರು ಅಂತ ಗೋಡೆ ನೋಡ್ತಿದ್ದೆ. ನೀನು ಅಲ್ಲಿ ಕೂತು ಅವಳಿಗೆ ಕಾಜಾ ಹಾಕೋದು ಹೇಳಿಕೊಡ್ತಿದ್ದೆ. ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

ಟೀಚರು ಮಂಚದ ಪಕ್ಕ ನೆಲದ ಮೇಲೆ ಕೂತರು. ಅವರ ತಲೆ ಅಷ್ಟು ಬಗ್ಗಿದ್ದನ್ನು ನಾನು ಪ್ರಾರ್ಥನೆಯಲ್ಲೂ ನೋಡಿರಲಿಲ್ಲ. "ತಪ್ಪಾಯ್ತು," ಅಂದರು. "ಅವಳು ತಾನಾಗಿ ತಿರುಗಲಿ ಅಂತ ಕಾದೆ. ನಿಮ್ಮನ್ನ ಕೇಳಲಿಲ್ಲ. ಕೇಳಿದ್ರೆ ನೀವು ಒಪ್ಪಲ್ಲ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ದೇವರು ಕಾಯ್ತಾನೆ ಅಂತ ನಾನೂ ಕಾಯೋಕ್ಕೆ ಹೋದೆ. ನೋವು ನಿಮ್ಮದು, ತಾಳ್ಮೆ ನಂದು. ತಪ್ಪಾಯ್ತು."

ಪಶ್ಚಾತ್ತಾಪ ಪಡಲು ಬಂದವಳು ನಾನು; ನನ್ನ ಕಣ್ಣ ಮುಂದೆ ಟೀಚರು ಅಳುತ್ತಿದ್ದರು. ನಾನು ನಿಲ್ಲಬೇಕೋ ಹೋಗಬೇಕೋ ತಿಳಿಯದೆ ಅರ್ಧಗೋಡೆಗೆ ಆತು ನಿಂತೆ. ಅಜ್ಜಂಪುರದ ರೈಲು ಹಿಡಿದಾಗಲೂ ನನಗೆ ಹಗುರವಾಗಿದೆಯೋ ಭಾರವಾಗಿದೆಯೋ ಗೊತ್ತಿರಲಿಲ್ಲ.

ಒಂದು ತಿಂಗಳು ಬಿಟ್ಟು ಮತ್ತೆ ಹೋದೆ. ಯಜಮಾನರು ನನ್ನನ್ನು ಕರೆದು ಕೂರಿಸಿಕೊಂಡರು. "ನಿನ್ನನ್ನ ಕ್ಷಮಿಸೋದು ಸುಲಭ ಕಣವ್ವ. ಇಲ್ಲ ಅಂತ ನಿಜ ಹೇಳ್ದಲ್ಲ, ಅಲ್ಲಿಗೆ ಮುಗೀತು. ಇವಳ ವಿಷಯಕ್ಕೆ ಇನ್ನೂ ಸ್ವಲ್ಪ ದಿನ ಬೇಕು," ಅಂದರು. ಟೀಚರು ಮಷಿನ್ನಿನ ಹಿಂದಿನಿಂದ, "ಆಗಲಿ ಬಿಡಿ," ಅಂದರು. ಅವರಿಬ್ಬರೂ ನಕ್ಕಂತೆ ಕಂಡಿತು. ನಿಜವಾಗಿ ನಕ್ಕರೋ ಇಲ್ಲವೋ.

ಅಣ್ಣನಿಗೂ ಹೇಳಿದೆ. ಮಂಡಿಯಲ್ಲಿ ಕೂತಿದ್ದವನು ಮುಖ ಕಪ್ಪಿಟ್ಟು, "ಕೇಸು ಗೀಸು ಅಂತ ಏನಾದ್ರೂ ಅಂದ್ರಾ?" ಎಂದ.

"ಇಲ್ಲ. ಬಾ ಅಂದ್ರು, ಅಷ್ಟೇ."

"ಈಗ ಹೋದ್ರೆ ಸೊಂಟ ಸರಿ ಹೋಯ್ತದಾ? ಸುಮ್ಕಿರೇ. ಏನಾದ್ರೂ ಬೇಕಿದ್ರೆ ಕೊಟ್ಟು ಕಳಿಸ್ತೀನಿ."

ಟೀಚರಿಗೆ ಇದನ್ನು ತಿಳಿಸಿದಾಗ, "ಕೊಡೋದು ಬೇಡ, ಬರಲಿ," ಅಂದರು. ಅಂದಿನಿಂದ ಕಾರ್ಡು ಅವನಿಗೆ ಹೋಗತೊಡಗಿತು. ಕಣ್ಣು ಆಪರೇಷನ್ ಆದ ಮೇಲೆ ಮತ್ತೆ ಬರೆಯಬಲ್ಲವರಾಗಿದ್ದರು. ಆರು ವರ್ಷ, ಆರು ಕಾರ್ಡು. ಪ್ರತಿ ಸಲವೂ ಗಂಡನಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಡಬ್ಬಕ್ಕೆ ಹಾಕುತ್ತಿದ್ದರು. ಒಂದು ವರ್ಷ ಅವರು ಉಹೂಂ ಅಂದರಂತೆ. ಹತ್ತು ದಿನ ಕಾರ್ಡು ಹಾಗೇ ಕಪಾಟಿನಲ್ಲಿತ್ತಂತೆ. ಕೊನೆಯ ಸಲ ನಾನು ಹೋದಾಗ ಟೀಚರು, "ನಿಮ್ಮಣ್ಣಂಗೆ ಹೇಳು. ದೇವರಿಗೇನೋ ಕಾಯೋಕ್ಕೆ ಕಾಲ ಇದೆ. ನನಗೆಲ್ಲಿದೆ?" ಅಂದರು.

ಇರಲಿಲ್ಲ. ನಾಲ್ಕು ದಿನದ ಜ್ವರದಲ್ಲಿ ಹೋದರು. ಮಣ್ಣು ಮಾಡುವಾಗ ನಾನಿದ್ದೆ. ಜಟಕಾ ಸಾಬರು ಎಲ್ಲರಿಗಿಂತ ಜೋರಾಗಿ ಅತ್ತರು. ಅಣ್ಣ ಬರಲಿಲ್ಲ.

ಹನ್ನೊಂದು ದಿನಕ್ಕೆ ಅಜ್ಜಂಪುರದ ನಮ್ಮ ಮನೆಯ ಮುಂದೆ ಅಣ್ಣ ಬಂದು ನಿಂತ. ನಿದ್ದೆಯಿಲ್ಲದ ಮುಖ. ಒಳಗೆ ಬರಲಿಲ್ಲ. "ಬೀರೂರಿಗೆ ಹೋಗಾನ ಬಾ. ಮನೆ ತೋರಿಸು," ಅಂದ.

"ಟೀಚರು ಇಲ್ಲ ಕಣಣ್ಣ."

"ಗೊತ್ತು. ಈ ವರ್ಷ ಕಾರ್ಡು ಬರಕ್ಕಿಲ್ಲ ಅಂತ ಗೊತ್ತು. ಇನ್ನ ಯಾರೂ ಬಾ ಅನ್ನಲ್ಲ ಅಂದ್ಕೊಂಡ್ರೆ ನೆಮ್ಮದಿ ಆಗ್ಬೇಕಿತ್ತು. ಆಗ್ತಾ ಇಲ್ಲ ಕಣೇ."

ಬೀರೂರು ಮುಟ್ಟಿದಾಗ ಹನ್ನೆರಡು ಗಂಟೆಯ ಬಿಸಿಲು. ಮನೆಯ ಬಾಗಿಲು ತೆಗೆದೇ ಇತ್ತು. ಯಜಮಾನರು ಮಂಚವನ್ನು ಹೊರಗಿನ ಕೋಣೆಗೆ ಹಾಕಿಸಿಕೊಂಡಿದ್ದರು. ಅಣ್ಣ ಹೊಸ್ತಿಲಲ್ಲಿ ನಿಂತುಬಿಟ್ಟ. ನಲವತ್ತು ವರ್ಷದ ಗಂಡಸು, ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ.

"ಯಾರದು?" ಅಂದರು ಯಜಮಾನರು.

"ನಾನು," ಅಂದ ಅಣ್ಣ. "ಅವತ್ತು ಆ ಜೀಪು ಓಡಿಸ್ತಿದ್ದೋನು ನಾನು. ನಿಲ್ಲಿಸ್ಲಿಲ್ಲ."

ಯಜಮಾನರು ಕೋಲನ್ನು ನೆಲಕ್ಕೆ ಊರಿದರು. ಏಳಲು ಹೊರಟರೋ, ಹೊಡೆಯಲು ಹೊರಟರೋ ನನಗೆ ಗೊತ್ತಾಗಲಿಲ್ಲ. ಎರಡೂ ಆಗಲಿಲ್ಲ.

"ಅವಳಿದ್ದಾಗ ಬರಬಾರದಿತ್ತೇನಪ್ಪಾ?" ಅಂದರು. ಅಣ್ಣ ಬಾಗಿಲು ಬಿಟ್ಟು ಅಲುಗಲಿಲ್ಲ.

ಆಮೇಲೆ ಅವರು ಮುಖ ಒರೆಸಿಕೊಂಡು, "ಬೆಳಕಿಗೆ ಅಡ್ಡ ನಿಂತಿದ್ದೀಯ. ಒಳಗೆ ಬಾ," ಅಂದರು.

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ.